ಸಹಾಯ ಬೇಕು: ಡಯಾಲಿಸಿಸ್ ಆದಮೇಲೆ ಆಸಿಡ್ ಫಾಸ್ಫಟೇಸ್ ಕಿಣ್ವ ಅರ್ಧಕ್ಕರ್ಧ ಮಾಯ

ಬಿ.ಎಸ್ಸಿ. ಪ್ರಾಕ್ಟಿಕಲ್‌ಗೆ ಎರಡು ದಿನ ಮೊಳಕೆ ಬಂದ 20 ಗ್ರಾಂ ಹೆಸರುಕಾಳನ್ನು 60 ಮಿ.ಲೀ. ತಣ್ಣನೆಯ 0.1 ಮೋಲಾರ್ ಅಸಿಟೇಟ್ ಬಫರ್‌ನಲ್ಲಿ, ಪಿಎಚ್ 5, ಅರೆಸುತ್ತೇವೆ. ಸೋಸಿ, ಸೆಂಟ್ರಿಫ್ಯೂಜ್ ಮಾಡಿ, ಅಮೋನಿಯಂ ಸಲ್ಫೇಟ್ ಉಪ್ಪಿನ 30–80% ಸ್ಯಾಚುರೇಶನ್ ನಡುವೆ ತಳಕ್ಕಿಳಿಯುವ ಪ್ರೋಟೀನ್ ಭಾಗವನ್ನು ಉಳಿಸಿಕೊಂಡು, ರಾತ್ರಿಯಿಡೀ 4 ಡಿಗ್ರಿಯಲ್ಲಿ ಅದೇ ಬಫರ್‌ಗೆ ಡಯಾಲಿಸಿಸ್, ಅಂದರೆ ಸೂಕ್ಷ್ಮ ರಂಧ್ರಗಳ ಚೀಲದಲ್ಲಿಟ್ಟು ಉಪ್ಪನ್ನು ಹೊರಹೋಗಿಸುವುದು. ಫಾಸ್ಫೇಟ್ ಬಫರ್ ಅಲ್ಲವೇ ಅಲ್ಲ, ಅದು ಈ ಕಿಣ್ವವನ್ನೇ ತಡೆಯುತ್ತದೆ.

ಕಿಣ್ವದ ಚಟುವಟಿಕೆಯ ಅಳತೆ, ಅದು ಒಡೆದಾಗ ಹಳದಿ ಬಣ್ಣ ಕೊಡುವ ಪ್ಯಾರಾನೈಟ್ರೋಫಿನೈಲ್ ಫಾಸ್ಫೇಟ್‌ನಿಂದ: 37 ಡಿಗ್ರಿ, 10 ನಿಮಿಷ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನಿಲ್ಲಿಸಿ 405 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಕಿಣ್ವವನ್ನು ಕೊನೆಗೆ ಹಾಕಿದ ಬ್ಲ್ಯಾಂಕ್ ಕಳೆದೇ ಲೆಕ್ಕ.

ಬೆಳಿಗ್ಗೆ ನೋಡಿದರೆ ಚೀಲದೊಳಗಿನ ದ್ರವ ಚಹಾದಂತೆ ಕಂದು, ತಳದಲ್ಲಿ ಬಿಳಿ ಗಸಿ, ಕಿಣ್ವದ ಒಟ್ಟು ಚಟುವಟಿಕೆ (ಯೂನಿಟ್) ಅರ್ಧ. ಕಾಳಿನಲ್ಲಿರುವ, ಗಾಳಿಗೆ ಕಂದಾಗುವ ಫಿನಾಲ್‌ಗಳ ಮೇಲೆಯೇ ಗುಮಾನಿ. ಫಿನಾಲ್‌ಗಳನ್ನು ಹಿಡಿದಿಡುವ ಪಿವಿಪಿಪಿ ಪುಡಿಯನ್ನು ಅರೆಯುವಾಗಲೇ ಹಾಕಬೇಕೇ, ಎಷ್ಟು? ಗಸಿಯಲ್ಲೂ ಚಟುವಟಿಕೆ ಸಿಕ್ಕವರಿದ್ದೀರಾ? ಮುಂದಿನ ಬ್ಯಾಚ್ ಸೋಮವಾರ, ಕಾಳು ಶನಿವಾರವೇ ನೆನೆಹಾಕಬೇಕು.