ವಿಂಡೋಸ್ 11 ಹಾಕಿದ ಮೇಲೆ ಪೇಜ್‌ಮೇಕರ್‌ನಲ್ಲಿ ಕನ್ನಡ ಮೂಡುತ್ತಿಲ್ಲ

ಪ್ರಶ್ನೆ (ಗದಗದ ಪ್ರೆಸ್ ಮಾಲೀಕರು):
ನಮಸ್ಕಾರ ಸರ್. ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ ಎಲ್ಲವೂ ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಅಕ್ಷರಗಳಲ್ಲಿ. ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಇರುವುದರಿಂದ ಮೊದಲು 32 ಬಿಟ್‌ನ ವಿಂಡೋಸ್ 10 ಇತ್ತು. ಅದಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲವೆಂದು ರಿಪೇರಿಯವರು ಸಿ ಡ್ರೈವ್ ಒರೆಸಿ ವಿಂಡೋಸ್ 11 ಹಾಕಿಕೊಟ್ಟರು. ಪೇಜ್‌ಮೇಕರ್ ತೆರೆಯುವಾಗ ತಕರಾರು ಮಾಡಿತು. ನಮ್ಮ ಆಪರೇಟರ್ ಹುಡುಗ ಯಾವುದೋ ವಿಡಿಯೋ ನೋಡಿ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಯುವಂತೆ ಮಾಡಿದ. ಈಗ ತೆರೆಯುತ್ತದೆ. ಆದರೆ ನುಡಿ ಫಾಂಟ್ ಆರಿಸಿ ಟೈಪ್ ಮಾಡಿದರೆ ಸಂಬಂಧವೇ ಇಲ್ಲದ ಕನ್ನಡದ ಚೂರುಗಳು ಬೀಳುತ್ತವೆ. ವರ್ಡ್‌ನಲ್ಲಿ ಅದೇ ನುಡಿ ಸರಿಯಾಗಿದೆ. ಕೆಲವು ಹಳೆಯ ಫೈಲುಗಳಲ್ಲಂತೂ ತಲೆಯ ಮೇಲೆ ಟೊಪ್ಪಿಗೆ ಇಟ್ಟ ಇಂಗ್ಲಿಷ್ ಅಕ್ಷರಗಳು. ಮೂರು ಲಗ್ನಪತ್ರಿಕೆಗಳು ನಿಂತಿವೆ. ಏನು ಮಾಡಲಿ?

ಉತ್ತರ:
ಯಜಮಾನರೇ, ನಿಮಗೆ ಗಾಬರಿಯಾಗಿದ್ದರೂ ಲಕ್ಷಣಗಳನ್ನು ಚೆನ್ನಾಗಿ ಬರೆದಿದ್ದೀರಿ. ಇವು ಎರಡು ಬೇರೆ ಬೇರೆ ರೋಗಗಳು.

ಕನ್ನಡದ ಚೂರುಗಳು ಬೀಳುತ್ತಿವೆ ಎಂದರೆ ಫಾಂಟ್ ಇದೆ, ನುಡಿಯ ಕೀಲಿಮಣೆ ಮಾತ್ರ ಪೇಜ್‌ಮೇಕರ್‌ವರೆಗೆ ತಲುಪುತ್ತಿಲ್ಲ. ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು, ಅದಕ್ಕೆ ತಕ್ಕ ಅಕ್ಷರದ ತುಂಡುಗಳನ್ನು ಜೋಡಿಸಿ ಮುಂದಕ್ಕೆ ಕೊಡುವುದು ನುಡಿಯ ಕೆಲಸ. ವಿಂಡೋಸ್ ವಿಸ್ತಾದ ಕಾಲದಿಂದ ಒಂದು ಕಟ್ಟಳೆ ಇದೆ: ಸಾಮಾನ್ಯ ಹಕ್ಕಿನಲ್ಲಿ ನಡೆಯುವ ತಂತ್ರಾಂಶವು ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ನಡೆಯುವ ತಂತ್ರಾಂಶದ ಕೀಲಿಗಳ ನಡುವೆ ಕೈ ಹಾಕುವಂತಿಲ್ಲ. ಹುಡುಗ ಪೇಜ್‌ಮೇಕರನ್ನು ಮಾಳಿಗೆ ಹತ್ತಿಸಿದ, ನುಡಿ ಕೆಳಗೇ ಉಳಿಯಿತು. ವರ್ಡ್ ಕೂಡ ಕೆಳಗೇ ಇರುವುದರಿಂದ ಅಲ್ಲಿ ತೊಂದರೆಯಿಲ್ಲ. ಪಾಪ, ಅವನನ್ನು ಬೈಯಬೇಡಿ. ಆ ವಿಡಿಯೋ ಮಾಡಿದವರು ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಾಗಿರಬೇಕು.

ಇವತ್ತಿನ ಕೆಲಸ ನಡೆಯಬೇಕೆಂದರೆ ನುಡಿಯನ್ನು ಮುಚ್ಚಿ, ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಪುರುಸೊತ್ತಾದಾಗ ಪೇಜ್‌ಮೇಕರ್ ತೆಗೆದು, ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಬದಲು ಸಿ ಡ್ರೈವಿನಲ್ಲೇ ಪ್ರತ್ಯೇಕ ಫೋಲ್ಡರ್ ಮಾಡಿ ಅಲ್ಲಿ ಹಾಕಿ. ಆ ಕಾಲದ ತಂತ್ರಾಂಶಗಳು ತಮ್ಮ ಲೆಕ್ಕಪತ್ರವನ್ನು ತಾವು ಕೂತ ಫೋಲ್ಡರಿನಲ್ಲೇ ಬರೆದುಕೊಳ್ಳುತ್ತವೆ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಹಾಗೆ ಬರೆಯಲು ಸಾಮಾನ್ಯ ಬಳಕೆದಾರನಿಗೆ ಈಗ ಅನುಮತಿ ಇಲ್ಲ. ಮೊದಲ ತಕರಾರು ಹುಟ್ಟಿದ್ದು ಬಹುಶಃ ಅಲ್ಲೇ. ಅದು ಹೋದರೆ ಯಾರನ್ನೂ ಮಾಳಿಗೆ ಹತ್ತಿಸಬೇಕಾಗಿಲ್ಲ.

ಇನ್ನು ಟೊಪ್ಪಿಗೆಯ ಅಕ್ಷರಗಳು. ಅಲ್ಲಿ ಫಾಂಟೇ ಇಲ್ಲ. ಫೈಲ್ ತೆರೆಯುವಾಗ ಪೇಜ್‌ಮೇಕರ್ ಪ್ಯಾನೋಸ್ ಎಂಬ ಚೌಕವನ್ನು ತೋರಿಸಿ, ಯಾವ ಫಾಂಟ್ ಸಿಗಲಿಲ್ಲ, ಬದಲಿಗೆ ಯಾವುದನ್ನು ಹಾಕಿದೆ ಎಂದು ಹೇಳುತ್ತದೆ. ಅವಸರದಲ್ಲಿ ಓಕೆ ಒತ್ತಬೇಡಿ. ಹೆಸರುಗಳನ್ನು ಬರೆದುಕೊಳ್ಳಿ, ಬದಲಾವಣೆ ತಾತ್ಕಾಲಿಕವಾಗಿಯೇ ಇರಲಿ. ಖಾಯಂ ಮಾಡಿ ಸೇವ್ ಮಾಡಿದರೆ ಮೂಲ ಫಾಂಟಿನ ಹೆಸರೇ ಫೈಲಿನಿಂದ ಹೋಗುತ್ತದೆ. ಆಮೇಲೆ ಸಾಲು ಸಾಲಾಗಿ ಕೂತು ಸರಿಪಡಿಸಬೇಕು. ಫಾಂಟುಗಳನ್ನು ಹಳೆಯ ಸಿಡಿಯಿಂದಲೋ ಪ್ರೆಸ್ಸಿನ ಇನ್ನೊಂದು ಯಂತ್ರದಿಂದಲೋ ತಂದು ಹಾಕುವಾಗ, ಬಲಗುಂಡಿ ಒತ್ತಿ ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆಯಿಂದಲೇ ಹಾಕಿ. 2018ರ ಕೊನೆಯಿಂದ ವಿಂಡೋಸ್ ಫಾಂಟನ್ನು ಒಬ್ಬ ಬಳಕೆದಾರನ ಖಾತೆಯೊಳಗೂ ಇಡಬಲ್ಲದು. ಹಾಗೆ ಇಟ್ಟದ್ದು ಎಷ್ಟೋ ಹಳೆಯ ತಂತ್ರಾಂಶಗಳ ಕಣ್ಣಿಗೆ ಬೀಳುವುದಿಲ್ಲ.

ಮರುಪ್ರಶ್ನೆ (ಗದಗದವರೇ):
ಸರ್, ನುಡಿಯನ್ನು ನೀವು ಹೇಳಿದಂತೆ ತೆರೆದ ಕೂಡಲೇ ಕನ್ನಡ ಬಂತು! ಒಂದು ಪತ್ರಿಕೆಯ ಪ್ರೂಫ್ ಕಳಿಸಿದೆ. ಉಳಿದದ್ದು ಒಂದೇ. ಚಿತ್ತಾರದ ಶೀರ್ಷಿಕೆಗಳಿಗೆಂದು ಕೊಂಡಿದ್ದ ತುಂಬಾ ಹಳೆಯ ತಂತ್ರಾಂಶದ ಸೆಟಪ್ ಒತ್ತಿದರೆ, ಇದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎನ್ನುತ್ತದೆ.

ಉತ್ತರ:
ಅದು 16 ಬಿಟ್ ಕಾಲದ್ದಿರಬೇಕು. 32 ಬಿಟ್ ವಿಂಡೋಸ್ ಅಂಥವನ್ನು ನಡೆಸುತ್ತಿತ್ತು, 64 ಬಿಟ್ ನಡೆಸುವುದಿಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಇಲ್ಲಿ ಹಕ್ಕು ಬದಲಿಸಿದರೂ ಹೊಂದಾಣಿಕೆಯ ಗುರುತು ಹಾಕಿದರೂ ಉಪಯೋಗವಿಲ್ಲ.

ದಾರಿ ಎಂದರೆ ವರ್ಚುವಲ್‌ಬಾಕ್ಸ್. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ತಂತ್ರಾಂಶ ಅದು, ಉಚಿತವಾಗಿ ಸಿಗುತ್ತದೆ. ಅದರೊಳಗೆ ನಿಮ್ಮ ಹಳೆಯ ಪರವಾನಗಿಯ 32 ಬಿಟ್ ವಿಂಡೋಸ್ ಹಾಕಿ, 2 ಜಿಬಿ ರ‍್ಯಾಮ್ ಕೊಡಿ. ಅದಕ್ಕೂ ಮೊದಲು ಯಂತ್ರದ ರ‍್ಯಾಮ್ 8 ಜಿಬಿ ಆಗಲೇಬೇಕು, ಈಗಿನ 4ರಲ್ಲಿ ಎರಡೂ ಏದುಸಿರು ಬಿಡುತ್ತವೆ. ಒಳಗಿನ ವಿಂಡೋಸಿಗೆ ಇಂಟರ್ನೆಟ್ ಕೊಡಬೇಡಿ, ಒಂದು ಫೋಲ್ಡರನ್ನು ಮಾತ್ರ ಹಂಚಿಕೊಳ್ಳಿ. ಪ್ರಿಂಟರನ್ನು ಒಳಗೆ ಜೋಡಿಸುವ ಸಾಹಸವೂ ಬೇಡ. ಒಳಗೆ ಪಿಡಿಎಫ್ ಮಾಡಿ, ಹಂಚಿಕೊಂಡ ಫೋಲ್ಡರಿಗೆ ಹಾಕಿ, ಹೊರಗಿನಿಂದ ಅಚ್ಚಿನ ಪ್ಲೇಟಿಗೆ ಬೇಕಾದ ಬಟರ್ ಪೇಪರಿಗೆ ತೆಗೆಯಿರಿ. ತೀರಾ ನಿಧಾನವೆನಿಸಿದರೆ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರವಿದೆಯೇ ನೋಡಿ. ಆಮೆ ಕಂಡರೆ ಇಂಥದ್ದೇ ಕೆಲಸಕ್ಕೆ ವಿಂಡೋಸಿನಲ್ಲೇ ಇರುವ ಹೈಪರ್-ವಿ ಅಡ್ಡ ಕೂತಿದೆ ಎಂದರ್ಥ. ತಮಾಷೆಯಲ್ಲ, ನಿಜಕ್ಕೂ ಆಮೆಯನ್ನೇ ಇಟ್ಟಿದ್ದಾರೆ.

ಇನ್ನೊಬ್ಬರು (ಪುತ್ತೂರು):
ನಾನು ನಾಲ್ಕು ದಿನದ ಹಿಂದೆ 10ರಿಂದ 11ಕ್ಕೆ ಹೋದೆ, ಡಿಸ್ಕ್ ಒರೆಸಿಲ್ಲ. ಹಿಂದಕ್ಕೆ ಬರಬಹುದೇ?

ಉತ್ತರ:
ಬರಬಹುದು. 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಹಿಂದಿರುಗುವ ಗುಂಡಿ ಸಿಗುತ್ತದೆ. ಜಾಗ ಸಾಲದೆಂದು, ಹಳೆಯ ವಿಂಡೋಸ್ ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದ್ದರೆ ಮುಗಿಯಿತು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ವ್ಯವಹಾರ ಅದೇ ಯಂತ್ರದಲ್ಲಿದ್ದರೆ ನಾನು ಹಿಂದಿರುಗುತ್ತಿರಲಿಲ್ಲ.

ಮತ್ತೊಬ್ಬರು (ಬೆಂಗಳೂರು):
2001ರ ತಂತ್ರಾಂಶಕ್ಕೆ ಇಷ್ಟೆಲ್ಲ ಆರೈಕೆ ಏಕೆ? ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ಗೆ ಬನ್ನಿ.

ಉತ್ತರ:
ಹೊಸ ಕೆಲಸಕ್ಕೆ ಖಂಡಿತ ಬರಲಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ, ಅದರೊಳಗೆ ಕೂತು ಬರಲಾಗದು. ಆದರೆ ಇಪ್ಪತ್ತು ವರ್ಷದ ಗಿರಾಕಿ ಬಂದು ‘ಹೋದ ಸಲದ್ದೇ, ದಿನಾಂಕ ಮಾತ್ರ ಬದಲಿಸಿ’ ಎಂದಾಗ ಹಳೆಯ ಫೈಲೇ ತೆರೆಯಬೇಕು. ಇನ್‌ಡಿಸೈನ್ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿದ್ದವು, ಮುಂದಿನವು ಕೈಬಿಟ್ಟವು. ಲಿಬ್ರೆ ಆಫೀಸ್ ಡ್ರಾ ತೆರೆಯುತ್ತದೆ, ವಿನ್ಯಾಸ ಅಲ್ಲಲ್ಲಿ ಕದಲಿರುತ್ತದೆ. ಪಠ್ಯವನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೂ ಅರ್ಕಾವತ್ತಿನ ಮೇಲೆ ಕಣ್ಣಿಡಿ. ಹಳೆಯ ಫಾಂಟುಗಳಲ್ಲಿ ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ‘ಯ’ದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ವರನ ಹೆಸರಿನಲ್ಲಿ ಅದು ತಪ್ಪಿದರೆ ಐನೂರು ಪತ್ರಿಕೆಗಳನ್ನು ಮತ್ತೆ ಅಚ್ಚು ಹಾಕಬೇಕಾಗುತ್ತದೆ, ಕಾಗದದ ಖರ್ಚು ಪ್ರೆಸ್ಸಿನವರದ್ದೇ.