ಕಣ್ಣು ಕಾಣಲ್ಲ ಅಂತ ಚೆಕ್ ಬುಕ್ ಕೊಡದಿದ್ರೆ ಏನು ಮಾಡೋದು?

ಪ್ರಶ್ನೆ: ತಂಗಿಗೆ ಪೂರ್ತಿ ಕಣ್ಣು ಕಾಣಲ್ಲ. ಹೊಸ ಕೆಲಸಕ್ಕೆ ಸಂಬಳದ ಖಾತೆ ಬೇಕು. ಬ್ಯಾಂಕಿನವರು "ಅಣ್ಣನ ಜೊತೆ ಜಂಟಿ ಖಾತೆ ಮಾಡಿಸಿ, ಹೆಬ್ಬೆಟ್ಟು ಒತ್ತಲಿ, ಚೆಕ್ ಬುಕ್ಕು, ಎಟಿಎಂ ಕಾರ್ಡು ಕೊಡೋಕಾಗಲ್ಲ" ಅಂತಿದ್ದಾರೆ. ಅವಳಿಗೆ ಸಹಿ ಮಾಡೋಕೆ ಬರುತ್ತೆ. ಗೊತ್ತಿರೋರು ದಾರಿ ಹೇಳಿ.

ಉತ್ತರ: ಜಂಟಿ ಖಾತೆಗೆ ಒಪ್ಪಬೇಡಿ. ರಿಸರ್ವ್ ಬ್ಯಾಂಕ್ 2008ರ ಜೂನ್ 4ರ ಸುತ್ತೋಲೆಯಲ್ಲೇ ಇದಕ್ಕೆ ಉತ್ತರ ಇದೆ. ಕಣ್ಣು ಕಾಣದವರು ಕರಾರು ಮಾಡಿಕೊಳ್ಳೋಕೆ ಕಾನೂನು ಪ್ರಕಾರ ಅರ್ಹರು. ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್ ಎಲ್ಲವನ್ನೂ ಭೇದ ಮಾಡದೆ ಕೊಡಬೇಕು. ಆ ಸುತ್ತೋಲೆಯ ಪ್ರತಿ ಜೊತೆಗಿಟ್ಟು ಎರಡು ಅರ್ಜಿ ಬರೆಯಿರಿ, ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ. "ಕೊಡಲ್ಲ ಅನ್ನೋದನ್ನ ಕಾರಣ ಸಮೇತ ಬರೆದುಕೊಡಿ ಸಾರ್" ಅಂತ ಕೇಳಿ. ಬಾಯಲ್ಲಿ ಹೇಳೋದು ಸುಲಭ, ಲೆಟರ್‌ಹೆಡ್ಡಲ್ಲಿ ಬರೆಯೋಕೆ ಕೈ ಬರಲ್ಲ. ಇನ್ನೊಂದು: ಕೌಂಟರಲ್ಲಿ "ಇವರಿಗೆ ಏನು ಬೇಕಂತೆ?" ಅಂತ ನಿಮ್ಮನ್ನೇ ಕೇಳ್ತಾರೆ. ಬಾಯಿ ಬಿಡಬೇಡಿ, ತಂಗಿ ಮಾತಾಡಲಿ.

ಉತ್ತರ: ಹಕ್ಕಿನ ಮಾತು ಸರಿ, ಆದ್ರೆ ಸಹಿ ಕಡೆ ನಿಗಾ ಇರಲಿ. ಸಹಿ ಹೊಂದಲ್ಲ ಅಂತ ಚೆಕ್ ವಾಪಸ್ ಬಂದ್ರೆ "ನಾವು ಹೇಳಿರಲಿಲ್ವಾ" ಅಂತಾರೆ. ಗಟ್ಟಿ ರಟ್ಟು ತಗೊಂಡು ಏಳು ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಎತ್ತರದ ಕಿಂಡಿ ಕತ್ತರಿಸಿ. ಕಾಗದದ ಮೇಲಿಟ್ಟು ಕಿಂಡಿಯೊಳಗೆ ಸಹಿ ಮಾಡಲಿ, ಕೆಳ ಅಂಚೇ ಗೆರೆ. ಕನ್ನಡ ಸಹಿಯಲ್ಲಿ ಒಂದು ತೊಡಕಿದೆ: ಒತ್ತಕ್ಷರ ಕೆಳಗಿಳಿದು ಅಂಚಿಗೆ ತಾಗುತ್ತೆ, ಅರ್ಧಕ್ಕೆ ನಿಲ್ಲುತ್ತೆ. "ಸವಿತಾ" ಸಲೀಸು, "ಲಕ್ಷ್ಮಿ" ಕಷ್ಟ. ಒತ್ತು ಇದ್ರೆ ಕಿಂಡಿ ಎತ್ತರ ಮಾಡಿ, ಇಲ್ಲಾ ಸಹಿ ಚಿಕ್ಕದು ಮಾಡಿ. ಪೆನ್ನು ಎತ್ತಿದಷ್ಟೂ ಅಕ್ಷರದ ಮೇಲೆ ಅಕ್ಷರ ಕೂರುತ್ತೆ, ಹಾಗಾಗಿ ಒಂದೇ ಎಳೆಯಲ್ಲಿ ಮುಗಿಯೋ ಸಹಿ ಒಳ್ಳೇದು. ಮಾದರಿ ಸಹಿ ಕೊಡುವಾಗಲೂ ಇದೇ ರಟ್ಟು ಬಳಸಲೇಬೇಕು, ಇದನ್ನೇ ಜನ ಮರೀತಾರೆ. ಚೆಕ್ಕಿನಷ್ಟೇ ಅಳತೆಯ ಇನ್ನೊಂದು ರಟ್ಟಲ್ಲಿ ತಾರೀಖು, ಹೆಸರು, ಮೊತ್ತ, ಸಹಿ ಜಾಗಕ್ಕೆಲ್ಲ ಕಿಂಡಿ ಮಾಡಿಡಿ. ಕೆಳಗೆ ಕೋಡ್ ಅಂಕಿ ಇರೋ ಬಿಳಿ ಪಟ್ಟಿಗೆ ಶಾಯಿ ತಾಗಬಾರದು.

ಉತ್ತರ: ಎಟಿಎಂಗೆ ಉದ್ದ ಪಿನ್ನಿನ ಹಳೇ ತಂತಿ ಇಯರ್‌ಫೋನ್ ಬೇಕು, ಬ್ಲೂಟೂತ್ ನಡೆಯಲ್ಲ. ಮಾತಾಡೋ ಯಂತ್ರಕ್ಕೆ ಚುಚ್ಚಿದ್ರೆ ದನಿ ಶುರು. ಕೀಲಿ ಹಲಗೆಯಲ್ಲಿ 5ರ ಮೇಲೆ ಉಬ್ಬು ಚುಕ್ಕೆ ಇರುತ್ತೆ. ಪರದೆ ಕಪ್ಪು ಮಾಡೋ ಆಯ್ಕೆ ಬಂದ್ರೆ ಒತ್ತಲಿ, ಹಿಂದೆ ನಿಂತವರಿಗೆ ಖಾತೆಯಲ್ಲಿ ಎಷ್ಟು ಹಣ ಇದೆ ಅಂತ ಕಾಣಲ್ಲ. ಎಲ್ಲ ಯಂತ್ರಗಳಲ್ಲೂ ಈ ಸೌಲಭ್ಯ ಇಲ್ಲ, ಮನೆ ಹತ್ತಿರ ಯಾವುದರಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಅರ್ಜಿ ಕೊಟ್ಟು ಹದಿನೈದು ದಿನ ಆಯ್ತು, ಸದ್ದಿಲ್ಲ. ಆನ್‌ಲೈನಲ್ಲಿ ತೆರೆಯೋಣ ಅಂದ್ರೆ ವಿಡಿಯೋದಲ್ಲಿ "ಕಣ್ಣು ಮಿಟುಕಿಸಿ" ಅಂತಿದೆ. ಒಂಬುಡ್ಸ್‌ಮನ್‌ಗೆ ಈಗಲೇ ಬರೆಯಲಾ?

ಉತ್ತರ: ಒಂಬುಡ್ಸ್‌ಮನ್ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅವರಿಗೆ ಈಗಲೇ ಬೇಡ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು, ಇಲ್ಲದಿದ್ರೆ ವಾಪಸ್ ಕಳಿಸ್ತಾರೆ. ಆಮೇಲೆ ರಿಸರ್ವ್ ಬ್ಯಾಂಕಿನ ದೂರು ತಾಣದಲ್ಲಿ ಹಾಕಿ, ಶುಲ್ಕವಿಲ್ಲ. ಸಹಾಯಕ್ಕೆ 14448. ಕಣ್ಣು ಮಿಟುಕಿಸೋ ವಿಷಯಕ್ಕೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರ ತೀರ್ಪಿದೆ. ಆಸಿಡ್ ದಾಳಿಗೊಳಗಾದವರು, ದೃಷ್ಟಿ ಇಲ್ಲದವರು ಹಾಕಿದ್ದ ಅರ್ಜಿ ಅದು. ಡಿಜಿಟಲ್ ಕೆವೈಸಿಗೆ (ಗ್ರಾಹಕರ ಗುರುತು ಪರಿಶೀಲನೆಗೆ) ಬೇರೆ ದಾರಿಯೂ ಇರಬೇಕು ಅಂತ ಕೋರ್ಟ್ ಹೇಳಿದೆ. ಅದನ್ನೂ ದೂರಿನಲ್ಲಿ ಸೇರಿಸಿ.

ಉತ್ತರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಂ ಕೂಡ ಬರೆಯಿರಿ, ತನ್ನ ಹಣಕಾಸನ್ನ ತಾನೇ ನೋಡಿಕೊಳ್ಳೋ ಹಕ್ಕು ಅದರಲ್ಲಿದೆ. 89ನೇ ಕಲಮಿನಲ್ಲಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಇದೆ, ಆದ್ರೆ ಮೊದಲ ಪತ್ರದಲ್ಲೇ ಅದನ್ನ ಹಾಕಬೇಡಿ. ಫೈಲು ಕಾನೂನು ವಿಭಾಗಕ್ಕೆ ಹೋಗಿ ಕೂತುಬಿಡುತ್ತೆ, ಮ್ಯಾನೇಜರ್ ಕೈಯಲ್ಲೇ ಮುಗಿಯೋ ಕೆಲಸ ತಿಂಗಳುಗಟ್ಟಲೆ ಎಳೆಯುತ್ತೆ.