ನರತಜ್ಞರಿಗೆ ಪ್ರಶ್ನೆ: ನರದ ಹೊದಿಕೆ ಕೆಟ್ಟರೆ ಏನಾಗುತ್ತದೆ?

ಸದಸ್ಯ, ತುಮಕೂರು: ಬೆರಳ ತುದಿಗಳು ಜುಮುಗುಡುತ್ತವೆ. ಬಿ12 ಮಾತ್ರೆ ನುಂಗಬಹುದೇ?

ವೈದ್ಯರು: ಬಿ12 ಕೊರತೆಯಿಂದಲೂ ನರದ ಹೊದಿಕೆ ಹಾಳಾಗುತ್ತದೆ. ಆದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಸಕ್ಕರೆಯ ಪ್ರಮಾಣವನ್ನೂ ನೋಡಿಸಿ.

ಸದಸ್ಯೆ, ಹಾಸನ: ಡಾಕ್ಟರೇ, ನಮ್ಮ ಮಾವನವರಿಗೆ ಎರಡು ವಾರದ ಹಿಂದೆ ಭೇದಿಯಾಗಿ ವಾಸಿಯಾಗಿತ್ತು. ಮೊನ್ನೆ ಪಾದ ಜುಮುಗುಟ್ಟಿತು, ನಿನ್ನೆ ಮೆಟ್ಟಿಲು ಹತ್ತಲಾಗಲಿಲ್ಲ, ಇಂದು ಕುರ್ಚಿಯಿಂದ ಏಳಿಸಲು ಇಬ್ಬರು ಬೇಕಾಯಿತು. ವಯಸ್ಸಿನ ನಿಶ್ಶಕ್ತಿಯೇ?

ವೈದ್ಯರು: ಅಲ್ಲ, ಅಮ್ಮ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಈಗಲೇ ಕರೆದೊಯ್ಯಿರಿ. ಭೇದಿಯ ನಂತರ ಕಾಲಿನಿಂದ ಮೇಲೇರುವ ನಿಶ್ಶಕ್ತಿ ಎಂದರೆ ಗಿಲಾನ್-ಬಾರೆ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ತನ್ನ ನರಗಳ ಮೇಲೆ ಎರಗುವ ಕಾಯಿಲೆ ಎಂದು ಅನುಮಾನಿಸಲೇಬೇಕು. ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಅದರ ನಡುನಡುವೆ, ಸುಮಾರು ಒಂದು ಮಿಲಿಮೀಟರಿಗೊಮ್ಮೆ, ರಾನ್ವಿಯೇ ಗಂಟು ಎಂಬ ಕಿರಿದಾದ ತೆರಪಿರುತ್ತದೆ. ಸೋಡಿಯಂ ಅಯಾನುಗಳು ಒಳನುಗ್ಗಿ ಸಂಕೇತಕ್ಕೆ ಮರಳಿ ಬಲ ತುಂಬುವುದು ಈ ತೆರಪುಗಳಲ್ಲಿ. ಹೊದಿಕೆಯಿರುವಷ್ಟು ದೂರ ವಿದ್ಯುತ್ತು ಹೆಚ್ಚು ಸೋರದೆ ಹಾಯುವುದರಿಂದ ಸಂಕೇತವು ಗಂಟಿನಿಂದ ಗಂಟಿಗೆ ಜಿಗಿದು, ದಪ್ಪ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರನ್ನೂ ಮೀರಿ ಸಾಗುತ್ತದೆ. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಒಂದೆರಡು ಮೀಟರ್ ಅಷ್ಟೆ. ಸೋಂಕಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಹೊದಿಕೆಯ ಮೇಲೆಯೋ ಗಂಟುಗಳ ಮೇಲೆಯೋ ತಿರುಗಿಬಿದ್ದರೆ, ಮುಂದಿನ ಗಂಟನ್ನು ಎಚ್ಚರಿಸುವಷ್ಟು ವಿದ್ಯುತ್ತು ಉಳಿಯುವುದಿಲ್ಲ. ಉಸಿರಾಟದ ಸ್ನಾಯುಗಳಿಗೂ ಇದೇ ಗತಿ ಬರಬಹುದು. ಮೊದಲ ದಿನಗಳಲ್ಲಿ ನರವಹನ ಪರೀಕ್ಷೆ (ನರದಲ್ಲಿ ಸಂಕೇತ ಸಾಗುವ ವೇಗವನ್ನು ಅಳೆಯುವ ಪರೀಕ್ಷೆ) ಸಹಜವೆಂದೇ ಬರುವುದುಂಟು. ಅದನ್ನು ನಂಬಿ ಮನೆಗೆ ಮರಳಬೇಡಿ. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಅಥವಾ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದು) ಬೇಗ ಸಿಕ್ಕರೆ ಚೇತರಿಕೆ ಚುರುಕಾಗುತ್ತದೆ. ಶ್ವಾನ್ ಕೋಶಗಳು ಹೊದಿಕೆಯನ್ನು ಮತ್ತೆ ಕಟ್ಟಬಲ್ಲವು, ಹೆಚ್ಚಿನವರು ಮರಳಿ ನಡೆಯುತ್ತಾರೆ.

ಸದಸ್ಯ, ಶಿವಮೊಗ್ಗ: ಬಿಸಿ ಎಳ್ಳೆಣ್ಣೆ ತಿಕ್ಕಿ, ಬೆಳ್ಳುಳ್ಳಿ ಹಾಲನ್ನು ಮೂರು ದಿನ ಕೊಟ್ಟರೆ ನರ ಬಿಗಿಯಾಗುತ್ತದೆ ಎಂಬ ಸಂದೇಶ ಬಂದಿದೆ.

ವೈದ್ಯರು: ಆ ಮೂರು ದಿನದಲ್ಲಿ ಉಸಿರೇ ನಿಲ್ಲಬಹುದು. ಇಂಥದ್ದನ್ನು ಇಲ್ಲಿ ಹಾಕಬೇಡಿ, ಅಳಿಸಿ.

ಸದಸ್ಯ, ಶಿವಮೊಗ್ಗ: ಹಿರಿಯರ ಮದ್ದನ್ನು ಹೀಗಳೆಯುವುದು ಸರಿಯಲ್ಲ.

ಸದಸ್ಯ, ಧಾರವಾಡ: ಸ್ವಾಮಿ, ನನ್ನ ತಮ್ಮನಿಗೆ ಇದೇ ಕಾಯಿಲೆ ಬಂದಾಗ ಎಣ್ಣೆ ತಿಕ್ಕುತ್ತ ಕಾಲ ಕಳೆದೆವು. ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರಿಗೆ ಯಂತ್ರ ಬೇಕಾಯಿತು.

ಸದಸ್ಯ, ಶಿವಮೊಗ್ಗ: ನಿಮ್ಮ ಮನೆಯ ಒಂದು ಪ್ರಸಂಗದಿಂದ ಎಲ್ಲವನ್ನೂ ಅಳೆಯಬೇಡಿ.

ಸದಸ್ಯ, ಧಾರವಾಡ: ಹಾಗಾದರೆ ಅವರ ಮಾವನವರ ಜೀವಕ್ಕೆ ನೀವು ಹೊಣೆಯಾಗುತ್ತೀರಾ?

ವಿದ್ಯಾರ್ಥಿನಿ, ಮೈಸೂರು: ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಗಳ ನರಹೊದಿಕೆ ಹಾಳಾಗುವ ಕಾಯಿಲೆ) ಇರುವವರಿಗೆ ಮೈ ಬಿಸಿಯಾದಾಗ ದೃಷ್ಟಿ ಮಸುಕಾಗುವುದೇಕೆ, ಸರ್?

ಸದಸ್ಯೆ, ಉಡುಪಿ: ಕೈ ಜುಮುಗುಡುತ್ತದೆ, ಬಿ12 ತೆಗೆದುಕೊಳ್ಳಲೇ?

ವೈದ್ಯರು: ಮೇಲೆ ಉತ್ತರಿಸಿದ್ದೇನೆ. ಓದಿ.

ಸದಸ್ಯೆ, ಹಾಸನ: ಕಾರಿನಲ್ಲಿ ಹೊರಟಿದ್ದೇವೆ. ದಾರಿಯಲ್ಲಿ ಊಟ ಮಾಡಿಸಬಹುದೇ?

ವೈದ್ಯರು: ಬೇಡ, ನುಂಗುವ ಶಕ್ತಿಯೂ ಕುಗ್ಗಿರಬಹುದು. ಒಂದೇ ಉಸಿರಿನಲ್ಲಿ ಎಣಿಸಲು ಹೇಳಿ. 20ರವರೆಗೆ ಹೋಗಲಾಗದಿದ್ದರೆ ತುರ್ತು ವಿಭಾಗದಲ್ಲಿ ಮೊದಲು ಅದನ್ನೇ ತಿಳಿಸಿ.